ಹುಟ್ಟುವ ಕಾರಣ ಬೇರೆ, ಉಳಿಯುವ ಕಾರಣ ಬೇರೆ: ಹದಿಹರೆಯದ ವಿದ್ಯಾರ್ಥಿಗಳ ಆತಂಕದ ಕಾಯಿಲೆಗಳು

ರಜೆ ಮುಗಿಯುವ ದಿನ ಸಂಜೆಯಾಗುತ್ತಿದ್ದಂತೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಹೊಟ್ಟೆಯಲ್ಲಿ ಸಣ್ಣಗೆ ಸಂಕಟ ಶುರುವಾಗುತ್ತದೆ. ರಾತ್ರಿ ಊಟ ಸೇರುವುದಿಲ್ಲ. ಬೆಳಿಗ್ಗೆ ಏಳಕ್ಕೆ ಸಂಕಟ ನೋವಾಗುತ್ತದೆ, ಏಳೂವರೆಗೆ ವಾಕರಿಕೆ ಬರುತ್ತದೆ, ಎಂಟು ಗಂಟೆಗೆ ತಾಯಿ ‘ಇವತ್ತೊಂದು ದಿನ ಮನೆಯಲ್ಲೇ ಇರು’ ಎನ್ನುತ್ತಾರೆ. ಹತ್ತೂವರೆಯ ಹೊತ್ತಿಗೆ ನೋವು ಇದ್ದ ಗುರುತೂ ಇರುವುದಿಲ್ಲ. ಮೂರು ತಿಂಗಳಲ್ಲಿ ಇದು ಎಂಟು ಸಲ ನಡೆದ ಮೇಲೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ: ಹೊಟ್ಟೆಯಲ್ಲಿ ಏನೋ ದೊಡ್ಡ ರೋಗವಿದೆ ಎನ್ನುವವರದು ಒಂದು, ಹುಡುಗಿ ನಾಟಕ ಆಡುತ್ತಿದ್ದಾಳೆ ಎನ್ನುವವರದು ಇನ್ನೊಂದು. ಇಬ್ಬರ ಊಹೆಯೂ ತಪ್ಪು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲವೂ ಸರಿಯಾಗಿಯೇ ಬರುತ್ತವೆ. ಹಾಗೆಂದು ನೋವು ಸುಳ್ಳಲ್ಲ. ಅಪಾಯ ಹತ್ತಿರದಲ್ಲಿದೆ ಎಂದು ಮಿದುಳು ಎಣಿಸಿದಾಗ ಕರುಳಿನ ಚಲನೆ, ಹೊಟ್ಟೆಯ ಸ್ನಾಯುಗಳ ಬಿಗಿತ, ಎದೆಬಡಿತ, ಉಸಿರು ಎಲ್ಲವೂ ನಿಜವಾಗಿಯೇ ಬದಲಾಗುತ್ತವೆ. ಆ ದಿನ ಎರಡನೆಯ ಪೀರಿಯಡ್ಡಿನಲ್ಲಿ ಅವಳು ಇಡೀ ತರಗತಿಯ ಮುಂದೆ ನಿಂತು ಐದು ನಿಮಿಷ ಪಾಠದ ಒಂದು ಭಾಗವನ್ನು ವಿವರಿಸಬೇಕಿತ್ತು ಎಂಬುದನ್ನು ಯಾರೂ ಕೇಳಿರುವುದಿಲ್ಲ, ಅವಳಾಗಿ ಹೇಳಿರುವುದೂ ಇಲ್ಲ.

ಇವಳು ನಿರ್ದಿಷ್ಟ ವ್ಯಕ್ತಿಯಲ್ಲ. ಮಕ್ಕಳ ಮನೋವೈದ್ಯರ ಬಳಿಗೆ ಪದೇ ಪದೇ ಬರುವ ಒಂದು ಚಿತ್ರಕ್ಕೆ ನಾನು ಕೊಟ್ಟುಕೊಂಡಿರುವ ಮುಖ ಮಾತ್ರ. ಇಂಥ ಮಗುವಿನ ಬಗ್ಗೆ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಇದು ಯಾಕೆ ಬಂತು?’ ಎಂಬುದು. ವಂಶವೇ, ಮನೆಯ ವಾತಾವರಣವೇ, ಮೊಬೈಲೇ, ಪರೀಕ್ಷೆಯ ಒತ್ತಡವೇ ಎಂದು ಚರ್ಚೆ ಅಲ್ಲೇ ಸುತ್ತುತ್ತದೆ. ಪ್ರಶ್ನೆ ಸರಿಯಾದದ್ದೇ, ಆದರೆ ಅರ್ಧ ಮಾತ್ರ. ಆತಂಕ ಹುಟ್ಟಲು ಕಾರಣವಾದ ಸಂಗತಿಗಳೂ ಅದು ವರ್ಷಗಟ್ಟಲೆ ಹೋಗದೆ ಉಳಿಯಲು ಕಾರಣವಾದ ಸಂಗತಿಗಳೂ ಬಹುಪಾಲು ಬೇರೆ ಬೇರೆ. ಮೊದಲನೆಯ ಗುಂಪಿನಲ್ಲಿ ನಮ್ಮ ಕೈಯಲ್ಲಿರುವುದು ಕಡಿಮೆ, ಎರಡನೆಯ ಗುಂಪಿನಲ್ಲಿ ಬಹಳಷ್ಟಿದೆ. ಅಪಾಯದ ಅಂಶಗಳ ಪಟ್ಟಿಯನ್ನು ಓದುವಾಗ ಈ ಭೇದವನ್ನು ಮರೆತರೆ ಆ ಪಟ್ಟಿ ತಂದೆತಾಯಿಯರನ್ನು ಹೆದರಿಸಲು ಮಾತ್ರ ಉಪಯೋಗಕ್ಕೆ ಬರುತ್ತದೆ.

ಮೊದಲು ಯಾವುದನ್ನು ಕಾಯಿಲೆ ಎನ್ನಬೇಕು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹೆದರಿಕೆ ಎದುರಿಗಿರುವ ಅಪಾಯಕ್ಕೆ ಸಂಬಂಧಿಸಿದ್ದು. ಆತಂಕ ಇನ್ನೂ ಬಾರದ, ಬರಬಹುದೆಂದು ಮನಸ್ಸು ಊಹಿಸಿಕೊಂಡ ಅಪಾಯಕ್ಕೆ ಸಂಬಂಧಿಸಿದ್ದು. ಎರಡೂ ಬದುಕಿಗೆ ಬೇಕಾದವು, ಮತ್ತು ಒಂದೊಂದು ವಯಸ್ಸಿಗೆ ಒಂದೊಂದು ಭಯ ಸಹಜ. ಕೂಸಿಗೆ ಅಪರಿಚಿತ ಮುಖ, ಐದರ ಮಗುವಿಗೆ ಕತ್ತಲು, ಹದಿನಾಲ್ಕರ ಹುಡುಗನಿಗೆ ‘ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ’ ಎಂಬ ಮುಜುಗರ. ಭಯವು ಸಂದರ್ಭಕ್ಕೆ ಮೀರಿದ ಪ್ರಮಾಣದಲ್ಲಿದ್ದು, ತಿಂಗಳುಗಟ್ಟಲೆ ಬಿಡದೆ, ಓದು, ಗೆಳೆತನ, ನಿದ್ದೆ, ಮನೆಯ ದಿನಚರಿ ಇವುಗಳಲ್ಲಿ ಯಾವುದನ್ನಾದರೂ ನಿಜವಾಗಿ ಕುಂಟಿಸಿದಾಗ ಮಾತ್ರ ವೈದ್ಯರು ಅದನ್ನು ಕಾಯಿಲೆ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯ ಪ್ರಕಾರ ಸಾಮಾಜಿಕ ಆತಂಕ, ಸದಾ ಕಾಡುವ ಸಾಮಾನ್ಯೀಕೃತ ಆತಂಕ, ನಿರ್ದಿಷ್ಟ ವಸ್ತು ಅಥವಾ ಸನ್ನಿವೇಶದ ವಿಪರೀತ ಭಯ ಇವು ಕನಿಷ್ಠ ಆರು ತಿಂಗಳು ಇರಬೇಕು; ಮನೆಯವರನ್ನು ಬಿಟ್ಟಿರಲಾಗದ ಅಗಲಿಕೆಯ ಆತಂಕಕ್ಕೆ ಮಕ್ಕಳಲ್ಲೂ ಹದಿಹರೆಯದವರಲ್ಲೂ ನಾಲ್ಕು ವಾರ ಸಾಕು. ಪರೀಕ್ಷೆಯ ಹಿಂದಿನ ವಾರ ನಿದ್ದೆ ಬಾರದ ಹುಡುಗ ಈ ಅಳತೆಗೆ ಸಿಗುವುದಿಲ್ಲ, ಸಿಗಲೂಬಾರದು.

ಈ ಬಗೆಗಳಲ್ಲಿ ಹದಿಹರೆಯದ ಶಾಲಾಜೀವನವನ್ನು ಹೆಚ್ಚಾಗಿ ಹಿಂಡುವುದು ಸಾಮಾಜಿಕ ಆತಂಕ. ಇದನ್ನು ನಾಚಿಕೆ ಎಂದು ಕರೆದು ಕೈಬಿಡುವುದು ಸುಲಭ. ಆದರೆ ನಾಚಿಕೆಯ ಹುಡುಗ ಗುಂಪಿಗೆ ಸೇರಲು ಹೊತ್ತು ತೆಗೆದುಕೊಳ್ಳುತ್ತಾನೆ, ಸೇರಿದ ಮೇಲೆ ಹಗುರಾಗುತ್ತಾನೆ. ಸಾಮಾಜಿಕ ಆತಂಕವಿರುವ ಹುಡುಗ ಗುಂಪಿನಲ್ಲಿದ್ದಷ್ಟು ಹೊತ್ತೂ ತನ್ನನ್ನೇ ಹೊರಗಿನಿಂದ ನೋಡಿಕೊಳ್ಳುತ್ತಿರುತ್ತಾನೆ: ಧ್ವನಿ ನಡುಗಿತೇ, ಮುಖ ಕೆಂಪಾಯಿತೇ, ಹೇಳಿದ್ದು ಪೆದ್ದಾಗಿತ್ತೇ. ಮನೆಗೆ ಬಂದ ಮೇಲೂ ರಾತ್ರಿ ಅದೇ ಎರಡು ವಾಕ್ಯಗಳನ್ನು ಹತ್ತಾರು ಸಲ ಮನಸ್ಸಿನಲ್ಲಿ ಮರಳಿಸಿಕೊಳ್ಳುತ್ತಾನೆ. ಹಾಜರಿ ಕೂಗಿದಾಗ ‘ಪ್ರೆಸೆಂಟ್’ ಎನ್ನುವ ಒಂದು ಪದಕ್ಕಾಗಿ ನಾಲ್ಕು ಹೆಸರುಗಳ ಮುಂಚಿನಿಂದಲೇ ಎದೆ ಡವಡವ ಎನ್ನುವ ಮಕ್ಕಳಿದ್ದಾರೆ. ಸಾಮಾನ್ಯೀಕೃತ ಆತಂಕದಲ್ಲಿ ಚಿಂತೆಗೆ ಇಂಥದೇ ಎಂಬ ವಿಷಯವಿರುವುದಿಲ್ಲ. ಅಂಕ, ಅಪ್ಪನ ಆರೋಗ್ಯ, ಬಸ್ಸು ತಪ್ಪುವುದು, ನಾಳೆಯ ಮಳೆ ಎಲ್ಲವೂ ಒಂದೇ ತೂಕದಲ್ಲಿ ಬರುತ್ತವೆ. ಪ್ಯಾನಿಕ್ ಕಾಯಿಲೆಯಲ್ಲಿ ಕೆಲವೇ ನಿಮಿಷಗಳಲ್ಲಿ ಶಿಖರಕ್ಕೇರುವ ಗಾಬರಿಯ ಹೊಡೆತ, ಆಮೇಲೆ ‘ಮತ್ತೆ ಬಂದರೆ?’ ಎಂಬ ನಿರಂತರ ಕಾವಲು. ಬಿಡದೆ ಮರಳುವ ಗೀಳಿನ ಕಾಯಿಲೆಯನ್ನೂ ಆಘಾತದ ನಂತರದ ಕಾಯಿಲೆಯನ್ನೂ ಹಿಂದೆ ಇದೇ ಗುಂಪಿನಲ್ಲಿ ಇಡುತ್ತಿದ್ದರು. 2013ರಿಂದ ಅವಕ್ಕೆ ಪ್ರತ್ಯೇಕ ಅಧ್ಯಾಯಗಳಾಗಿವೆ.

ಎಷ್ಟು ಮಕ್ಕಳಿಗೆ ಇದಿದೆ ಎಂಬ ಪ್ರಶ್ನೆಗೆ ಒಂದು ಕಡೆ ನೂರಕ್ಕೆ ಐದು, ಇನ್ನೊಂದು ಕಡೆ ನೂರಕ್ಕೆ ಇಪ್ಪತ್ತು, ಮತ್ತೊಂದು ಕಡೆ ನೂರಕ್ಕೆ ಮೂವತ್ತು ಎಂಬ ಉತ್ತರ ಸಿಗುತ್ತದೆ, ಮತ್ತು ಓದುಗರು ಗೊಂದಲಗೊಳ್ಳುವುದು ಸಹಜ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜುಗಳು 10ರಿಂದ 14 ವರ್ಷದವರಲ್ಲಿ ಶೇ 4ರ ಆಸುಪಾಸು, 15ರಿಂದ 19ರವರಲ್ಲಿ ಶೇ 5ರ ಆಸುಪಾಸು ಇವೆ. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ 6.5 ಎಂದಿತು. ಕೋವಿಡ್ ಕಾಲದ 29 ಅಧ್ಯಯನಗಳನ್ನು ಸೇರಿಸಿದ 2021ರ ವಿಶ್ಲೇಷಣೆಯಲ್ಲಿ ಬಂದ ಸಂಖ್ಯೆ ಶೇ 20.5. ಅಮೆರಿಕದಲ್ಲಿ 13ರಿಂದ 18 ವರ್ಷದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸಂದರ್ಶಿಸಿ 2010ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು ಶೇ 32. ಇವು ಪರಸ್ಪರ ಜಗಳವಾಡುತ್ತಿಲ್ಲ, ಬೇರೆ ಬೇರೆ ವಸ್ತುಗಳನ್ನು ಎಣಿಸುತ್ತಿವೆ. ಮೊದಲ ಎರಡು ಸದ್ಯ ಕಾಯಿಲೆ ಇರುವವರನ್ನು ಎಣಿಸುತ್ತವೆ. 2021ರದು ಪ್ರಶ್ನಾವಳಿಯಲ್ಲಿ ಗಮನಾರ್ಹ ಲಕ್ಷಣಗಳನ್ನು ಗುರುತು ಹಾಕಿದವರನ್ನು. ಕೊನೆಯದು ಹುಟ್ಟಿನಿಂದ ಆವರೆಗೆ ಒಮ್ಮೆಯಾದರೂ ಆ ಮಟ್ಟ ಮುಟ್ಟಿದವರನ್ನು. ಆ ಅಮೆರಿಕದ ಸಮೀಕ್ಷೆಯಲ್ಲೇ ತೀವ್ರವಾಗಿ ಬಾಧಿತರಾದವರು ಶೇ 8ರಷ್ಟು ಮಾತ್ರ.

ಪ್ರಶ್ನಾವಳಿಗೂ ರೋಗನಿರ್ಣಯಕ್ಕೂ ಇರುವ ಅಂತರವನ್ನು ಒಂದು ಲೆಕ್ಕದಲ್ಲಿ ನೋಡಬಹುದು. ಶಾಲೆಯೊಂದರಲ್ಲಿ 1,000 ವಿದ್ಯಾರ್ಥಿಗಳಿದ್ದು ನಿಜವಾಗಿ 50 ಮಂದಿಗೆ ಕಾಯಿಲೆ ಇದೆ ಎಂದಿಟ್ಟುಕೊಳ್ಳೋಣ. ಹಂಚಿದ ಪ್ರಶ್ನಾವಳಿ ಕಾಯಿಲೆ ಇರುವವರಲ್ಲಿ ಶೇ 80 ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ 80 ಮಂದಿಯನ್ನು ಸರಿಯಾಗಿ ಬಿಡುತ್ತದೆ ಎಂದುಕೊಂಡರೆ ಅದು ಸಾಕಷ್ಟು ಒಳ್ಳೆಯ ಪ್ರಶ್ನಾವಳಿಯೇ. ಆಗ 50ರಲ್ಲಿ 40 ಮಂದಿ ಸಿಗುತ್ತಾರೆ. ಉಳಿದ 950ರಲ್ಲಿ 190 ಮಂದಿಯೂ ಅದೇ ಬಲೆಗೆ ಬೀಳುತ್ತಾರೆ. ಒಟ್ಟು 230. ವರದಿಯಲ್ಲಿ ‘ಶೇ 23ರಷ್ಟು ವಿದ್ಯಾರ್ಥಿಗಳಿಗೆ ಆತಂಕದ ಕಾಯಿಲೆ’ ಎಂಬ ತಲೆಬರಹ ಬರುತ್ತದೆ, ನಿಜ ಶೇ 5 ಇರುತ್ತದೆ. ಪ್ರಶ್ನಾವಳಿ ನಿರುಪಯುಕ್ತ ಎಂದು ಇದರ ಅರ್ಥವಲ್ಲ. 1997ರಲ್ಲಿ ಪರಿಚಯವಾದ, ಈಗ 41 ಪ್ರಶ್ನೆಗಳಿರುವ ಸ್ಕೇರ್ಡ್ ಎಂಬ ಪಟ್ಟಿಯೂ ಅಂಥವೂ ಮುಂದೆ ಯಾರೊಂದಿಗೆ ಕುಳಿತು ಮಾತನಾಡಬೇಕು ಎಂಬುದನ್ನು ತೋರಿಸುತ್ತವೆ; ಆ ಮಾತುಕತೆ ನಡೆದ ಮೇಲಷ್ಟೇ ರೋಗನಿರ್ಣಯ. ಅಮೆರಿಕದ ತಡೆ ಆರೋಗ್ಯ ಸೇವೆಗಳ ಕಾರ್ಯಪಡೆ 2022ರಲ್ಲಿ 8ರಿಂದ 18 ವರ್ಷದವರೆಲ್ಲರನ್ನೂ ಹೀಗೆ ಸೋಸಿ ನೋಡಬೇಕೆಂದು ಶಿಫಾರಸು ಮಾಡಿತು. ಸೋಸಿದ ಮೇಲೆ ಮಾತನಾಡಲು ತಜ್ಞರೇ ಇಲ್ಲದ ಕಡೆ ಈ ಕೆಲಸ 230 ಮನೆಗಳಿಗೆ ಹೊಸ ಆತಂಕವೊಂದನ್ನು ಹಂಚಿ ಮುಗಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಹದಿಹರೆಯದಲ್ಲೇ ಇದು ಯಾಕೆ ಹೆಚ್ಚು ಕಾಣುತ್ತದೆ? ಆತಂಕದ ಕಾಯಿಲೆಗಳು ಬೇಗ ಬರುವ ಕಾಯಿಲೆಗಳು. ಅಮೆರಿಕದ ವಯಸ್ಕರ ಸಮೀಕ್ಷೆಯೊಂದು 2005ರಲ್ಲಿ ತೋರಿಸಿದಂತೆ, ಜೀವನದಲ್ಲಿ ಬರುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14 ವರ್ಷದೊಳಗೆ ಆರಂಭವಾಗಿರುತ್ತವೆ. ಆತಂಕದ ಕಾಯಿಲೆಗಳಲ್ಲಿ ಆರಂಭದ ಮಧ್ಯಾಂಕ ವಯಸ್ಸು 11, ಅಂದರೆ ಅರ್ಧದಷ್ಟು ಆ ವಯಸ್ಸಿನೊಳಗೇ ಶುರುವಾಗಿರುತ್ತವೆ. ನಿರ್ದಿಷ್ಟ ಭಯಗಳೂ ಅಗಲಿಕೆಯ ಆತಂಕವೂ ಬಾಲ್ಯದಲ್ಲೇ ಕಾಣಿಸಿಕೊಂಡರೆ ಸಾಮಾಜಿಕ ಆತಂಕ ಹೆಚ್ಚಾಗಿ ಹದಿಹರೆಯದ ಹೊಸ್ತಿಲಲ್ಲಿ, ಪ್ಯಾನಿಕ್ ಅದಕ್ಕೂ ತಡವಾಗಿ. ಮಿದುಳಿನೊಳಗೆ ಅಪಾಯದ ಸುಳಿವು ಹಿಡಿಯುವ ಅಮಿಗ್ಡಲಾ ಮೊದಲಾದ ಭಾಗಗಳು ಈ ವಯಸ್ಸಿಗಾಗಲೇ ಚುರುಕಾಗಿರುತ್ತವೆ; ‘ತಾಳು, ಇದು ಅಷ್ಟು ದೊಡ್ಡದಲ್ಲ’ ಎಂದು ಅದನ್ನು ಸಮಾಧಾನಪಡಿಸುವ ಮುಂಭಾಗದ ಹೊರಪದರವೂ ಅವೆರಡರ ನಡುವಣ ಸಂಪರ್ಕವೂ ಇಪ್ಪತ್ತರ ನಡುವಿನ ವಯಸ್ಸಿನವರೆಗೆ ಬಲಿಯುತ್ತಲೇ ಇರುತ್ತವೆ. ಅದೇ ಹೊತ್ತಿಗೆ ಮಗುವಿನ ಲೋಕದಲ್ಲಿ ತೀರ್ಪುಗಾರರು ಬದಲಾಗುತ್ತಾರೆ. ನಿನ್ನೆಯವರೆಗೆ ಅಮ್ಮ ಮೆಚ್ಚಿದರೆ ಸಾಕಿತ್ತು, ಇವತ್ತು ಹಿಂದಿನ ಬೆಂಚಿನ ಮೂವರ ನಗು ಅದಕ್ಕಿಂತ ದೊಡ್ಡದು. ದೇಹವೂ ಅದೇ ವರ್ಷಗಳಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಬದಲಾಗುತ್ತದೆ.

ಈಗ ಅಪಾಯದ ಅಂಶಗಳ ಕಡೆಗೆ. ಒಂದು ಅಂಶ ಇದ್ದರೆ ಕಾಯಿಲೆ ಬರುವ ಸಂಭವ ಗುಂಪಿನ ಮಟ್ಟದಲ್ಲಿ ಹೆಚ್ಚುತ್ತದೆ ಎಂಬುದಷ್ಟೇ ಈ ಮಾತಿನ ಅರ್ಥ. ಈ ಮಗುವಿಗೆ ಬಂದೇ ಬರುತ್ತದೆ ಎಂದಾಗಲಿ, ಅದರಿಂದಲೇ ಬಂತು ಎಂದಾಗಲಿ ಅಲ್ಲ. ವಂಶವಾಹಿಗಳ ಪಾಲು ಇದೆ. ಅವಳಿಗಳ ಅಧ್ಯಯನಗಳ ಪ್ರಕಾರ ಆತಂಕದ ಕಾಯಿಲೆಗಳಲ್ಲಿ ವ್ಯಕ್ತಿಯಿಂದ ವ್ಯಕ್ತಿಗಿರುವ ವ್ಯತ್ಯಾಸದ ಸುಮಾರು ಶೇ 30ರಿಂದ 40ರಷ್ಟನ್ನು ಆನುವಂಶಿಕತೆ ವಿವರಿಸುತ್ತದೆ, ಅದೂ ಒಂದು ವಂಶವಾಹಿಯಿಂದಲ್ಲ, ಒಂದೊಂದೂ ಕೂದಲೆಳೆಯಷ್ಟು ಪರಿಣಾಮ ಬೀರುವ ಅಸಂಖ್ಯ ವಂಶವಾಹಿಗಳಿಂದ. ಅದರ ಮೊದಲ ಗುರುತು ಮಗುವಿನ ಜಾಯಮಾನದಲ್ಲಿ ಸಿಗುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ ಮತ್ತು ಸಂಗಡಿಗರು 1980ರ ದಶಕದಿಂದ ವಿವರಿಸುತ್ತ ಬಂದಂತೆ, ಕೆಲವು ಮಕ್ಕಳು ಎಳವೆಯಲ್ಲೇ ಹೊಸ ವಸ್ತು, ಹೊಸ ಮುಖ, ಹೊಸ ಜಾಗ ಕಂಡಾಗ ಹಿಂಜರಿದು, ಮೌನವಾಗಿ, ತಾಯಿಗೆ ಅಂಟಿಕೊಳ್ಳುತ್ತವೆ. ಈ ಹಿಂಜರಿಕೆಯ ಸ್ವಭಾವ ವರ್ಷಗಳ ಕಾಲ ಹಾಗೆಯೇ ಉಳಿದವರಲ್ಲಿ ಮುಂದೆ ಸಾಮಾಜಿಕ ಆತಂಕ ಬರುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ಈ ವಿಷಯದಲ್ಲಿ ಇದಕ್ಕಿಂತ ಬಲವಾದ ಮುನ್ಸೂಚನೆ ಇನ್ನೊಂದು ಸಿಗುವುದು ಕಷ್ಟ. ಹಾಗಿದ್ದೂ ಅಂಥ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ.

ತಂದೆತಾಯಿಯರ ಪಾಲಿನ ಬಗ್ಗೆ ಹೇಳುವಾಗ ಎಚ್ಚರ ಬೇಕು. ಆತಂಕದ ಕಾಯಿಲೆ ಇರುವ ಪೋಷಕರ ಮಕ್ಕಳಲ್ಲಿ ಅದು ಹೆಚ್ಚು ಕಾಣುತ್ತದೆ. ಇದು ರಕ್ತದಿಂದ ಬಂದುದೋ ಮನೆಯಲ್ಲಿ ನೋಡಿ ಕಲಿತದ್ದೋ ಎಂದು ಬೇರ್ಪಡಿಸಲು 2015ರಲ್ಲಿ ಒಂದು ಜಾಣ ಅಧ್ಯಯನ ನಡೆಯಿತು. ಅವಳಿಗಳಾಗಿ ಹುಟ್ಟಿದ ವಯಸ್ಕರನ್ನೂ ಅವರವರ ಹದಿಹರೆಯದ ಮಕ್ಕಳನ್ನೂ ಹೋಲಿಸಿದರು. ತದ್ರೂಪ ಅವಳಿಗಳಾದರೆ ದೊಡ್ಡಮ್ಮ ಅಥವಾ ಚಿಕ್ಕಮ್ಮನಿಗೂ ಮಗುವಿಗೂ ಇರುವ ವಂಶವಾಹಿಗಳ ನಂಟು ತಾಯಿಗಿರುವಷ್ಟೇ. ಆದರೆ ದಿನವೂ ಜತೆಗಿರುವವಳು ತಾಯಿ. ಆತಂಕದ ಸಾಗಾಟದಲ್ಲಿ ಮನೆಯ ಒಡನಾಟದ ಪಾಲೇ ಎದ್ದು ಕಂಡಿತು. ಹಾಗೆಂದು ಬೆಳೆಸಿದ ರೀತಿಯನ್ನೇ ದೂರುವವರು ಇನ್ನೊಂದು ಸಂಖ್ಯೆಯನ್ನೂ ನೆನಪಿಡಬೇಕು: ಪೋಷಣೆಯ ಶೈಲಿ ಮತ್ತು ಮಕ್ಕಳ ಆತಂಕದ ಸಂಬಂಧ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿದ 2007ರ ವಿಶ್ಲೇಷಣೆಯ ಪ್ರಕಾರ ಮಕ್ಕಳ ನಡುವಿನ ವ್ಯತ್ಯಾಸದಲ್ಲಿ ಪೋಷಣೆ ವಿವರಿಸಿದ್ದು ಶೇ 4ರಷ್ಟನ್ನು ಮಾತ್ರ. ಆ ಅಲ್ಪದಲ್ಲೂ ತುಸು ಹೆಚ್ಚು ತೂಕ ಇದ್ದದ್ದು ಗದರಿಕೆಗಲ್ಲ, ಮಗುವಿಗೆ ತಾನಾಗಿ ಮಾಡಲು ಬಿಡದ ಅತಿಯಾದ ಹಿಡಿತಕ್ಕೆ. ಕಾಳಜಿಯೇ ಕೆಲವೊಮ್ಮೆ ಹಿಡಿತದ ವೇಷದಲ್ಲಿ ಬರುತ್ತದೆ ಎಂಬುದು ಇಲ್ಲಿನ ತೊಡಕು.

ಶಾಲೆಯೊಳಗಿನ ಅಂಶಗಳಲ್ಲಿ ಅತ್ಯಂತ ಗಟ್ಟಿಯಾದ ಪುರಾವೆ ಇರುವುದು ಸಹಪಾಠಿಗಳ ಕಿರುಕುಳಕ್ಕೆ. ಬಹಿರಂಗ ಹೊಡೆತಕ್ಕಿಂತ ಗುಂಪಿನಿಂದ ಹೊರಗಿಡುವುದು, ಅಡ್ಡಹೆಸರು, ಬೆನ್ನ ಹಿಂದಿನ ಮಾತು ಇವು ದೊಡ್ಡವರ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಹೆಚ್ಚು ಕಾಲ ನಡೆಯುತ್ತವೆ. ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಲ್ಲಿ ಕಿರುಕುಳ ಉಂಡವರು ದೊಡ್ಡವರಾದ ಮೇಲೂ ಆತಂಕದ ಕಾಯಿಲೆಗಳಿಗೆ ಹೆಚ್ಚು ಈಡಾಗಿದ್ದಾರೆ. ಶಿಕ್ಷಕರು ಎಲ್ಲರ ಎದುರು ಮಾಡುವ ಅವಮಾನ, ಅಂಕಗಳನ್ನು ಗಟ್ಟಿಯಾಗಿ ಓದಿ ಹೇಳುವ ಅಭ್ಯಾಸ, ಶಾಲೆ ಬದಲಾವಣೆ, ಗುರುತಿಸದೆ ಉಳಿದ ಕಲಿಕೆಯ ತೊಂದರೆ ಇವೂ ಸೇರುತ್ತವೆ. ಡಿಸ್ಲೆಕ್ಸಿಯಾ, ಅಂದರೆ ಅಕ್ಷರಗಳನ್ನು ಓದುವುದೇ ಕಷ್ಟವಾಗುವ ತೊಂದರೆ, ಇರುವ ಮಗುವಿಗೆ ಗಟ್ಟಿಯಾಗಿ ಓದುವ ಪೀರಿಯಡ್ ದಿನವೂ ಬರುವ ಬಹಿರಂಗ ಶಿಕ್ಷೆಯಂತೆ ಕಾಣುತ್ತದೆ. ಅಲ್ಲಿ ಆತಂಕಕ್ಕಷ್ಟೇ ಚಿಕಿತ್ಸೆ ಕೊಟ್ಟರೆ ಬೇರು ಹಾಗೆಯೇ ಉಳಿಯುತ್ತದೆ.

ಪರೀಕ್ಷೆಯ ಭಯ ಸ್ವತಃ ಒಂದು ಕಾಯಿಲೆಯ ಹೆಸರಲ್ಲ, ಆದರೂ ಅದು ಕೆಲಸ ಮಾಡುವ ಬಗೆ ತಿಳಿದಿರಬೇಕು. 1960ರ ದಶಕದಿಂದಲೇ ಸಂಶೋಧಕರು ಅದರಲ್ಲಿ ಎರಡು ಎಳೆಗಳನ್ನು ಬಿಡಿಸಿದ್ದಾರೆ: ಕೈ ಬೆವರುವುದು, ಎದೆ ಹೊಡೆದುಕೊಳ್ಳುವುದು ಎಂಬ ದೇಹದ ಎಳೆ ಒಂದು, ‘ಫೇಲಾದರೆ ಏನಾಗುತ್ತದೆ’ ಎಂದು ಗಿರಗಿರ ತಿರುಗುವ ಚಿಂತೆಯ ಎಳೆ ಇನ್ನೊಂದು. ಅಂಕ ಕಡಿಮೆ ಮಾಡುವುದು ಹೆಚ್ಚಾಗಿ ಎರಡನೆಯದು. ಒಂದು ಲೆಕ್ಕ ಬಿಡಿಸಲು ಮನಸ್ಸಿನಲ್ಲಿ ನಾಲ್ಕು ಹೆಜ್ಜೆಗಳನ್ನು ಒಟ್ಟಿಗೆ ಹಿಡಿದಿಟ್ಟುಕೊಳ್ಳಬೇಕು. ಆ ಸಣ್ಣ ಜಾಗದಲ್ಲಿ ಚಿಂತೆ ಬಂದು ಕುಳಿತರೆ ಹೆಜ್ಜೆಗಳಿಗೆ ಎಡೆ ಸಾಲದು. ಮನೆಗೆ ಬಂದ ಮೇಲೆ ಅದೇ ಲೆಕ್ಕ ಎರಡು ನಿಮಿಷದಲ್ಲಿ ಬರುತ್ತದೆ ಎಂದು ಅಳುವ ಮಗು ಸುಳ್ಳು ಹೇಳುತ್ತಿರುವುದಿಲ್ಲ.

ನಿದ್ದೆಯನ್ನು ಈ ಪಟ್ಟಿಯಲ್ಲಿ ಇನ್ನೂ ಮೇಲಕ್ಕೆ ತರಬೇಕು ಎಂದು ನನಗೆ ಅನಿಸುತ್ತದೆ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಹೇಳಿತು. ಹದಿಹರೆಯದಲ್ಲಿ ದೇಹದ ಗಡಿಯಾರ ಸಹಜವಾಗಿಯೇ ತಡವಾಗಿ ಮಲಗುವತ್ತ ಸರಿಯುತ್ತದೆ, ಶಾಲೆಯ ಗಂಟೆ ಮಾತ್ರ ಸರಿಯುವುದಿಲ್ಲ. ನಿದ್ದೆಗೆಟ್ಟ ಮಿದುಳು ತಟಸ್ಥವಾದ ಮುಖದಲ್ಲೂ ಬೆದರಿಕೆಯನ್ನು ಕಾಣಬಹುದು. ಆತಂಕ ಮತ್ತೆ ನಿದ್ದೆಯನ್ನು ಕೆಡಿಸುತ್ತದೆ. ಎಚ್ಚರವಾಗಿರಲು ಕುಡಿದ ಕಾಫಿ ಅಥವಾ ಎನರ್ಜಿ ಡ್ರಿಂಕ್ ಎದೆಬಡಿತವನ್ನು ಇನ್ನಷ್ಟು ಏರಿಸುತ್ತದೆ. ಸಾಮಾಜಿಕ ಜಾಲತಾಣಗಳ ವಿಷಯದಲ್ಲಿ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಹೆಚ್ಚು ಬಳಕೆಗೂ ಆತಂಕಕ್ಕೂ ನಂಟು ಕಂಡಿದೆ, ಆದರೆ ಸರಾಸರಿಯಲ್ಲಿ ಅದು ಚಿಕ್ಕದು, ಮತ್ತು ಆತಂಕವಿರುವವರು ಪರದೆಯೊಳಗೆ ಅಡಗಿಕೊಳ್ಳುವುದೂ ಅಷ್ಟೇ ನಿಜ. ಮಧ್ಯರಾತ್ರಿಯ ನಿದ್ದೆ ಕದಿಯುವ, ಶಾಲೆಯ ಗೇಟಿನಲ್ಲೇ ಮುಗಿಯಬೇಕಿದ್ದ ಕಿರುಕುಳವನ್ನು ಮಲಗುವ ಕೋಣೆಗೆ ತರುವ ಬಳಕೆಯ ಬಗ್ಗೆ ಮಾತ್ರ ಅನುಮಾನಕ್ಕೆ ಎಡೆಯಿಲ್ಲ.

ಉಳಿದವನ್ನು ಬೇಗ ಹೇಳಬಹುದು. ಹುಡುಗಿಯರಲ್ಲಿ ಆತಂಕದ ಕಾಯಿಲೆಗಳು ಹುಡುಗರಿಗಿಂತ ಒಂದೂವರೆಯಿಂದ ಎರಡು ಪಟ್ಟು ಹೆಚ್ಚು ಕಂಡುಬರುತ್ತವೆ. ಅಸ್ತಮಾದಂಥ ದೀರ್ಘಕಾಲದ ದೈಹಿಕ ಕಾಯಿಲೆ, ಮನೆಯೊಳಗಿನ ಹಿಂಸೆ, ಸಾವು ಅಥವಾ ಬೇರ್ಪಡಿಕೆ, ಬಡತನ, ಊರು ಬಿಟ್ಟು ಬರಬೇಕಾದ ಸ್ಥಿತಿ ಇವೆಲ್ಲ ಸಂಭವವನ್ನು ಹೆಚ್ಚಿಸುತ್ತವೆ, ಮತ್ತು ಒಂದರ ಮೇಲೊಂದು ಕೂಡಿಕೊಂಡಾಗ ಹೊರೆ ಬೇಗ ಏರುತ್ತದೆ.

ಇಷ್ಟೂ ಹುಟ್ಟಿನ ಕಥೆ. ಇನ್ನು ಉಳಿವಿನ ಕಥೆ. ಮೊದಲಿನ ಹುಡುಗಿಯ ಬೆಳಗ್ಗೆಗೆ ಮರಳೋಣ. ಎಂಟು ಗಂಟೆಗೆ ‘ಮನೆಯಲ್ಲೇ ಇರು’ ಎಂಬ ಮಾತು ಕಿವಿಗೆ ಬಿದ್ದ ಕ್ಷಣ ಏನಾಗುತ್ತದೆ? ಎದೆಯಿಂದ ಕಲ್ಲು ಇಳಿಯುತ್ತದೆ. ಆ ನಿರಾಳವೇ ಬಹುಮಾನ. ತಪ್ಪಿಸಿಕೊಂಡರೆ ಸಂಕಟ ಹೋಗುತ್ತದೆ ಎಂಬ ಪಾಠವನ್ನು ಮಿದುಳು ಕಲಿಯುತ್ತದೆ, ಮುಂದಿನ ವಾರ ಅದೇ ದಾರಿಯನ್ನು ಇನ್ನೂ ಬೇಗ ಹಿಡಿಯುತ್ತದೆ. ಹೀಗೆ ಭಯ ಒಂದು ರೀತಿಯಲ್ಲಿ ಹುಟ್ಟಿ ಇನ್ನೊಂದು ರೀತಿಯಲ್ಲಿ ಉಳಿಯುತ್ತದೆ ಎಂಬ ಎರಡು ಹಂತದ ವಿವರಣೆಯನ್ನು ಮನಶ್ಶಾಸ್ತ್ರಜ್ಞ ಮೌರರ್ 1947ರಲ್ಲೇ ಮುಂದಿಟ್ಟಿದ್ದರು. ಅದರ ಹಲವು ವಿವರಗಳನ್ನು ಆಮೇಲಿನವರು ತಿದ್ದಿದ್ದಾರೆ, ತಿರುಳು ಮಾತ್ರ ಚಿಕಿತ್ಸೆಯಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ತಪ್ಪಿಸಿಕೊಂಡ ಮಗುವಿಗೆ ಇನ್ನೊಂದು ನಷ್ಟವೂ ಆಗುತ್ತದೆ: ತರಗತಿಯ ಮುಂದೆ ನಿಂತಿದ್ದರೆ ಏನಾಗುತ್ತಿತ್ತು ಎಂಬುದು ಅವಳಿಗೆ ಎಂದೂ ಗೊತ್ತಾಗುವುದಿಲ್ಲ. ಮೊದಲ ಒಂದು ನಿಮಿಷ ಧ್ವನಿ ನಡುಗಿ, ಮೂರನೆಯ ನಿಮಿಷಕ್ಕೆ ಸ್ವಲ್ಪ ಸ್ಥಿರವಾಗಿ, ಹಿಂದಿನ ಸಾಲಿನವರು ಕಿಟಕಿಯಾಚೆ ನೋಡುತ್ತಿದ್ದರು ಎಂಬ ಸಾಧಾರಣ ಸತ್ಯ ತಿಳಿಯಲು ಅಲ್ಲಿ ನಿಲ್ಲಲೇಬೇಕು.

ತಪ್ಪಿಸಿಕೊಳ್ಳುವುದು ಯಾವಾಗಲೂ ಗೈರುಹಾಜರಿಯ ರೂಪದಲ್ಲೇ ಬರುವುದಿಲ್ಲ. ಕೊನೆಯ ಬೆಂಚು, ಬಗ್ಗಿಸಿದ ತಲೆ, ಉತ್ತರ ಗೊತ್ತಿದ್ದರೂ ಎತ್ತದ ಕೈ, ಮಧ್ಯಾಹ್ನದ ಬಿಡುವಿನಲ್ಲಿ ಗ್ರಂಥಾಲಯ, ಒಂದೇ ಪುಟವನ್ನು ಐದು ಸಲ ಬರೆದು ಹರಿಯುವುದು, ‘ಸರಿಯಾಗಿದೆಯಾ ಅಮ್ಮಾ?’ ಎಂಬ ಹತ್ತನೆಯ ಪ್ರಶ್ನೆ ಇವೂ ಅದೇ. ಮನೆಯವರು ತಿಳಿಯದೆಯೇ ಇದರಲ್ಲಿ ಪಾಲುದಾರರಾಗುತ್ತಾರೆ: ಅವಳ ಬದಲು ಫೋನಿನಲ್ಲಿ ಮಾತನಾಡುತ್ತಾರೆ, ಅಂಗಡಿಯಲ್ಲಿ ಅವಳಿಗೆ ಬೇಕಾದ್ದನ್ನು ತಾವೇ ಕೇಳುತ್ತಾರೆ, ರಜಾಚೀಟಿಗೆ ಸಹಿ ಹಾಕುತ್ತಾರೆ. ಇದರ ಹಿಂದಿರುವುದು ಪ್ರೀತಿಯೇ. ಶಾಲೆಯ ಕಡೆಯಿಂದ ತೊಂದರೆ ಬೇರೆ: ಗಲಾಟೆ ಮಾಡುವ ಮಗು ಮುಖ್ಯೋಪಾಧ್ಯಾಯರ ಕೋಣೆಗೆ ಹೋಗುತ್ತದೆ, ಆತಂಕದ ಮಗು ‘ಬಹಳ ಒಳ್ಳೆಯ, ಶಾಂತ ವಿದ್ಯಾರ್ಥಿನಿ’ ಎಂದು ಪ್ರಗತಿಪತ್ರದಲ್ಲಿ ಹೊಗಳಿಸಿಕೊಂಡು ಮರೆಯಾಗುತ್ತದೆ. ಇನ್ನು ಕೆಲವರಲ್ಲಿ ಆತಂಕ ಸಿಡುಕಾಗಿ ಹೊರಬೀಳುತ್ತದೆ. ಶಾಲೆಗೆ ಹೊರಡುವ ಹೊತ್ತಿಗೆ ಬಾಗಿಲು ಒದೆಯುವ ಹುಡುಗನನ್ನು ಹಠಮಾರಿ ಎಂದು ಬರೆದಿಟ್ಟರೆ ಚಿಕಿತ್ಸೆ ತಪ್ಪು ದಾರಿ ಹಿಡಿಯುತ್ತದೆ. ಆತಂಕದಿಂದ ಶಾಲೆ ತಪ್ಪಿಸುವವನಿಗೂ ಸುತ್ತಾಡಲು ಚಕ್ಕರ್ ಹೊಡೆಯುವವನಿಗೂ ಇರುವ ವ್ಯತ್ಯಾಸ ಸರಳ. ಮೊದಲನೆಯವನು ಮನೆಯಲ್ಲಿರುತ್ತಾನೆ, ಮನೆಯವರಿಗೆ ಅದು ಗೊತ್ತಿರುತ್ತದೆ.

ಚಿಕಿತ್ಸೆ ಈ ಉಳಿವಿನ ಸರಪಳಿಯನ್ನೇ ಹಿಡಿಯುತ್ತದೆ, ಆದ್ದರಿಂದ ಕಾರಣ ಪೂರ್ತಿ ಗೊತ್ತಾಗುವವರೆಗೆ ಕಾಯಬೇಕಿಲ್ಲ. ವೈದ್ಯರು ಮೊದಲು ಥೈರಾಯ್ಡ್ ಹೆಚ್ಚಳ, ಅಸ್ತಮಾದ ಔಷಧಿಗಳ ಪರಿಣಾಮ ಮುಂತಾದ, ಆತಂಕದಂತೆಯೇ ಕಾಣುವ ದೈಹಿಕ ಕಾರಣಗಳಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಅನಂತರ ಸಿಬಿಟಿ ಎಂದು ಕರೆಯುವ, ಯೋಚನೆ ಮತ್ತು ವರ್ತನೆ ಎರಡನ್ನೂ ತಿದ್ದುವ ಮಾತಿನ ಚಿಕಿತ್ಸೆ. ಅದರ ಜೀವಾಳ ಭಯದ ಸನ್ನಿವೇಶವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದು. 2008ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ 7ರಿಂದ 17 ವರ್ಷದ 488 ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. 12 ವಾರಗಳ ಬಳಿಕ ಚೆನ್ನಾಗಿ ಸುಧಾರಿಸಿದವರು ಸಿಬಿಟಿ ಮತ್ತು ಸರ್ಟ್ರಾಲಿನ್ ಎಂಬ ಔಷಧಿ ಎರಡನ್ನೂ ಪಡೆದವರಲ್ಲಿ ಶೇ 80.7, ಸಿಬಿಟಿ ಮಾತ್ರ ಪಡೆದವರಲ್ಲಿ ಶೇ 59.7, ಔಷಧಿ ಮಾತ್ರ ಪಡೆದವರಲ್ಲಿ ಶೇ 54.9, ಔಷಧವಿಲ್ಲದ ಹುಸಿಗುಳಿಗೆ ಪಡೆದವರಲ್ಲಿ ಶೇ 23.7. ಈ ವರ್ಗದ ಔಷಧಿಗಳನ್ನು ಹದಿಹರೆಯದವರಿಗೆ ಕೊಡುವಾಗ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆಗಳು ಹೆಚ್ಚುತ್ತಿವೆಯೇ ಎಂದು ಹತ್ತಿರದಿಂದ ಗಮನಿಸಬೇಕು; ವೈದ್ಯರ ಸಲಹೆಯಿಲ್ಲದೆ ಶುರುಮಾಡುವುದೂ ತಟ್ಟನೆ ನಿಲ್ಲಿಸುವುದೂ ಕೂಡದು. ಸಾಯುವ ಮಾತು, ತನ್ನನ್ನು ಗಾಯಗೊಳಿಸಿಕೊಳ್ಳುವುದು ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು. ಆತಂಕದ ಬೆನ್ನಿಗೆ ಖಿನ್ನತೆ ಬರುವುದು ಅಪರೂಪವಲ್ಲ.

ಮಗು ಚಿಕಿತ್ಸೆಗೆ ಬರಲು ಒಪ್ಪದಿದ್ದರೆ ದಾರಿ ಮುಚ್ಚುವುದಿಲ್ಲ. ಯೇಲ್ ವಿಶ್ವವಿದ್ಯಾಲಯದ ತಂಡವೊಂದು 124 ಮಕ್ಕಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪಿನಲ್ಲಿ ತಂದೆತಾಯಿಯರಿಗಷ್ಟೇ ತರಬೇತಿ ಕೊಟ್ಟರು: ಮಗುವಿನ ಸಂಕಟವನ್ನು ಒಪ್ಪಿಕೊಂಡು ಮಾತನಾಡುವುದು, ಆದರೆ ಅದರ ಪರವಾಗಿ ಮಾಡುತ್ತಿದ್ದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುವುದು. ಫಲಿತಾಂಶ ಮಕ್ಕಳಿಗೇ ಸಿಬಿಟಿ ಕೊಟ್ಟದ್ದಕ್ಕಿಂತ ಕಡಿಮೆಯಾಗಲಿಲ್ಲ. ಇದಕ್ಕೆ ಪ್ರತಿಯಾಗಿ, ಇಡೀ ಶಾಲೆಗೆ ಒಂದೇ ಮದ್ದು ಹಂಚುವ ಉತ್ಸಾಹಕ್ಕೆ 2022ರಲ್ಲಿ ತಣ್ಣೀರು ಬಿತ್ತು: ಬ್ರಿಟನ್ನಿನಲ್ಲಿ 8,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಳಗೊಂಡ, ತರಗತಿಯಲ್ಲಿ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನವಿಡುವ ಅಭ್ಯಾಸ) ಕಲಿಸುವ ಪ್ರಯೋಗ, ಎಂದಿನ ಪಾಠಕ್ರಮಕ್ಕಿಂತ ಹೆಚ್ಚಿನ ಪ್ರಯೋಜನವನ್ನೇನೂ ತೋರಿಸಲಿಲ್ಲ.

ಒಂಬತ್ತನೆಯ ತರಗತಿಯ ಹುಡುಗಿಯ ಮೆಟ್ಟಿಲುಗಳು ಹೀಗಿರಬಹುದು. ಮೊದಲ ವಾರ ಬಿಡುವಿನಲ್ಲಿ ಶಿಕ್ಷಕಿಯ ಬಳಿ ಹೋಗಿ ಒಂದು ಪ್ರಶ್ನೆ ಕೇಳುವುದು. ಎರಡನೆಯ ವಾರ ಖಾಲಿ ತರಗತಿಯಲ್ಲಿ ಇಬ್ಬರು ಗೆಳತಿಯರ ಎದುರು ಅರ್ಧ ಪುಟ ಓದುವುದು. ಮೂರನೆಯ ವಾರ ಪೀರಿಯಡ್ಡಿನಲ್ಲಿ ಕುಳಿತಲ್ಲಿಂದಲೇ ಒಂದು ಪ್ಯಾರಾ. ‘ನೀನು ಓದುವುದೇ ಬೇಡ’ ಎಂಬ ಶಾಶ್ವತ ವಿನಾಯಿತಿಯನ್ನೂ ‘ಏಳು, ನಾಚಿಕೆ ಏನು’ ಎಂಬ ಅಚ್ಚರಿಯ ಕರೆಯನ್ನೂ ಶಿಕ್ಷಕಿ ಕೈಬಿಡುತ್ತಾರೆ. ಯಾವ ದಿನ, ಯಾವ ಪ್ಯಾರಾ ಎಂದು ಮೊದಲೇ ತಿಳಿಸುತ್ತಾರೆ, ದಿನ ಬಂದಾಗ ಮುಂದೂಡುವುದಿಲ್ಲ. ಮೂರನೆಯ ವಾರದ ಹಿಂದಿನ ರಾತ್ರಿ ಹೊಟ್ಟೆಯ ಸಂಕಟ ಎಂದಿನಂತೆ ಬರುತ್ತದೆ. ಬೆಳಿಗ್ಗೆ ಏಳಕ್ಕೆ ಅದು ನೋವೂ ಆಗುತ್ತದೆ. ಎಂಟು ಗಂಟೆಗೆ ತಾಯಿ, ‘ನೋವಾಗ್ತಿದೆ ಅಂತ ನನಗೆ ಗೊತ್ತು, ಬಾ, ಗೇಟಿನ ತನಕ ನಾನೂ ಬರ್ತೀನಿ’ ಎಂದು ಚೀಲ ಎತ್ತಿ ಕೊಡುತ್ತಾರೆ. ಎರಡನೆಯ ಪೀರಿಯಡ್ಡಿನಲ್ಲಿ ಅವಳ ಕೈಯಲ್ಲಿನ ಪುಸ್ತಕ ಪ್ಯಾರಾದ ನಡುವಿನವರೆಗೂ ಅಲುಗುತ್ತಿರುತ್ತದೆ.